ಜೀತದ ಸುದ್ದಿಯಲ್ಲಿ ಮರುಕದ ಜೊತೆ ವಿವರವೂ ಇರಲಿ



2025ರ ಜನವರಿಯಲ್ಲಿ ವಿಜಯಪುರದ ಇಟ್ಟಿಗೆ ಭಟ್ಟಿಯೊಂದರಲ್ಲಿ ಕಾರ್ಮಿಕರನ್ನು ಥಳಿಸಿದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ನೋಡಿದವರು ಮರುಗಿದರು, ರೊಚ್ಚಿಗೆದ್ದರು. ಮುಂಗಡ ಪಡೆದವರು ಸಂಕ್ರಾಂತಿಗೆ ಊರಿಗೆ ಹೋಗಿ ತಡವಾಗಿ ಬಂದರೆಂಬುದೇ ಸಿಟ್ಟಿಗೆ ಕಾರಣವೆಂದು ಪತ್ರಿಕೆಗಳು ಬರೆದವು. ಹೊಡೆತ ಎಲ್ಲರ ಕಣ್ಣಿಗೂ ಬಿತ್ತು. ಅದರ ಹಿಂದಿದ್ದ ಮುಂಗಡದ ಲೆಕ್ಕ ಅಷ್ಟಾಗಿ ಯಾರ ಮಾತಿಗೂ ಬರಲಿಲ್ಲ.

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಕನ್ನೊಳ್ಳಿಯಿಂದ ಹಿಡಿದು ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳವರೆಗೆ ಮುಂಗಡ ನಮಗೆ ಹೊಸದಲ್ಲ. ಯುಗಾದಿಯಿಂದ ಯುಗಾದಿಗೆ ಸಂಬಳಕ್ಕೆ ನಿಲ್ಲುವವರು ಪಡೆಯುತ್ತಾರೆ. ಕಬ್ಬಿನ ಗ್ಯಾಂಗಿನವರು, ಗುಳೆ ಹೋಗುವ ಸಂಸಾರಗಳು ಪಡೆಯುತ್ತವೆ. ಪಡೆದವರೆಲ್ಲ ಜೀತದಾಳುಗಳಲ್ಲ, ಕೊಟ್ಟವರೆಲ್ಲ ಕ್ರೂರಿಗಳೂ ಅಲ್ಲ. ಆದರೆ ಆ ಸಾಲದಿಂದಾಗಿ ಬೇರೆ ಕಡೆ ದುಡಿಯುವ, ಬೇಕೆಂದಲ್ಲಿಗೆ ಹೋಗುವ ಹಕ್ಕು ತಪ್ಪಿದರೆ, ಇಲ್ಲವೇ ಕೂಲಿ ಹೆಸರಿಗಷ್ಟೇ ಸಿಕ್ಕರೆ, ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅಂಥ ಸಾಲವನ್ನೇ ತೊಡೆದುಹಾಕಿದೆ. ತಾನು ಕೊಟ್ಟದ್ದು ಜೀತದ ಸಾಲವಲ್ಲವೆಂದು ಸಾಬೀತು ಮಾಡುವ ಹೊಣೆಯೂ ಸಾಲ ಕೊಟ್ಟವರದೇ.

ಇಂಥ ಸಂಗತಿ ಬರೆಯುವಾಗ ಎದೆ ತುಂಬಿ ಬರುವುದು ಸಹಜ. ಆ ಮರುಕ ನಮಗೆಲ್ಲ ಬೇಕು, ಅದಿಲ್ಲದೆ ಯಾರೂ ಪೆನ್ನು ಹಿಡಿಯುವುದಿಲ್ಲ. ಆದರೆ ದುಡಿಯುವವರನ್ನು ಮೂಕ ಪ್ರಾಣಿಗಳೆಂದು ಬಣ್ಣಿಸಿದರೆ ಅವರ ಮಾತೇ ನಮಗೆ ಕೇಳದಂತಾಗುತ್ತದೆ. ಮಾಲೀಕರೆಲ್ಲರನ್ನೂ ರಾಕ್ಷಸರೆಂದರೆ ನ್ಯಾಯವಾಗಿ ಕೂಲಿ ಕೊಡುವ ರೈತರೂ ದೂರ ಸರಿಯುತ್ತಾರೆ.

ಮರುಕದ ಜೊತೆ ವಿವರವೂ ಸೇರಿದರೆ ಏನಾಗುತ್ತದೆಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. ಬ್ರಿಟನ್ನಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದವರು 1788ರಲ್ಲಿ ‘ಬ್ರೂಕ್ಸ್’ ಎಂಬ ಹಡಗಿನ ನಕ್ಷೆಯನ್ನು ಅಚ್ಚು ಹಾಕಿಸಿದರು. ಹಡಗಿನ ತಳದಲ್ಲಿ ಮನುಷ್ಯರನ್ನು ಸಾಲುಸಾಲಾಗಿ ಮಲಗಿಸಿದ್ದನ್ನು ಅದರಲ್ಲಿ ತೋರಿಸಿದ್ದರು. ನಕ್ಷೆಯ ಪ್ರಕಾರ ಒಬ್ಬ ಗಂಡಸಿಗೆ ಸಿಕ್ಕ ಜಾಗ ಆರು ಅಡಿ ಉದ್ದ, ಒಂದು ಅಡಿ ನಾಲ್ಕು ಅಂಗುಲ ಅಗಲ. ಆ ಅಳತೆಯನ್ನು ಅಲ್ಲಗಳೆಯುವುದು ಸುಲಭವಿರಲಿಲ್ಲ. ನಕ್ಷೆ ಮನೆಮನೆಗೆ ತಲುಪಿತು. ಹೋರಾಟ ಮುಂದುವರಿದು, 1807ರಲ್ಲಿ ಆ ವ್ಯಾಪಾರವನ್ನು ಕಾನೂನೇ ನಿಷೇಧಿಸಿತು.

ನಮ್ಮಲ್ಲಿಯೂ ಅಧಿಕಾರಿಯ ಮೇಜಿನ ಮೇಲೆ ನಿಲ್ಲುವುದು ಇಂಥ ವಿವರವೇ. ಆದ್ದರಿಂದ ಓದುಗರಾದ ತಮ್ಮಲ್ಲಿ ಕೆಲವು ಕೋರಿಕೆಗಳಿವೆ.

ತಾವು ವರದಿಗಾರರಾಗಿದ್ದರೆ ಇಷ್ಟನ್ನು ಕೇಳಿ ಬರೆಯಿರಿ: ಮುಂಗಡ ಎಷ್ಟು, ಯಾವಾಗ ಪಡೆದದ್ದು? ದಿನಕ್ಕೆ ಎಷ್ಟು ತಾಸು ದುಡಿತ, ಕೈಗೆ ಬಂದದ್ದೆಷ್ಟು? ಬಿಟ್ಟು ಹೋಗುತ್ತೇನೆಂದರೆ ಏನಾಗುತ್ತದೆ? ಮಾಲೀಕರ ಎದುರು ಕೇಳಬೇಡಿ. ಉತ್ತರವನ್ನು ದುಡಿಯುವವರ ಮಾತಿನಲ್ಲೇ ಬರೆದುಕೊಳ್ಳಿ.

ತಾವು ಶಿಕ್ಷಕರಾಗಿದ್ದರೆ, ಸುಗ್ಗಿ ಬಂತೆಂದರೆ ಶಾಲೆ ಬಿಡುವ ಮಕ್ಕಳು ಎಲ್ಲಿಗೆ ಹೋದರೆಂದು ವಿಚಾರಿಸಿ. ದುಡಿಮೆಗೆ ಸಿಕ್ಕಿಕೊಂಡ ಮಗು ಕಂಡರೆ 1098ಕ್ಕೆ ಕರೆ ಮಾಡಿ. ವಿಡಿಯೊ ಕೈಗೆ ಬಂದ ಯುವಕ ಯುವತಿಯರೇ, ಪೆಟ್ಟು ತಿಂದವರ ಮುಖವನ್ನು ಊರಿಗೆಲ್ಲ ಹಂಚಬೇಡಿ, ಪೊಲೀಸರಿಗೆ ಒಪ್ಪಿಸಿ. ಮುಂಗಡ ಕೊಡುವ ರೈತರೇ, ಮಾಲೀಕರೇ, ಕೊಟ್ಟದ್ದು, ಮುರಿದುಕೊಂಡದ್ದು ಎರಡನ್ನೂ ಚೀಟಿಯಲ್ಲಿ ಬರೆದು ಒಂದು ಪ್ರತಿಯನ್ನು ದುಡಿಯುವವರ ಕೈಗಿಡಿ. ಓದಲು ಬಾರದವರಿಗೆ ಓದಿ ಹೇಳಿ.

ಜೀತವೆಂಬ ಅನುಮಾನ ಬಂದರೆ ತಹಶೀಲ್ದಾರರಿಗೆ, ಇಲ್ಲವೇ ವಿಜಯಪುರ ಅಥವಾ ಇಂಡಿಯ ಉಪವಿಭಾಗಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಬಿಡುಗಡೆಯಾದವರಿಗೆ ಬಿಡುಗಡೆ ಪತ್ರ ಸಿಕ್ಕಿತೇ ಎಂದೂ ಕೇಳಿ. ಸರ್ಕಾರದ ಪುನರ್ವಸತಿ ನೆರವಿಗೆ ಅದು ಆಧಾರ.

ತಮ್ಮ ಮನಸ್ಸು ಮರುಗುತ್ತದೆಂಬ ನಂಬಿಕೆಯಿಂದಲೇ ಇಷ್ಟು ಕೇಳುತ್ತಿದ್ದೇನೆ. ಮುಂದಿನ ಸಲ ಇಂಥ ಸುದ್ದಿ ಕೈಗೆ ಬಂದಾಗ, ಹಂಚುವ ಮೊದಲು ಅರ್ಜಿಯೊಂದನ್ನು ಬರೆಯಿರಿ.