ತಲೆ ಎಣಿಕೆಯಲ್ಲಿ ಕಾಣದ ಜಿಲ್ಲೆ

2011ರ ಬಳಿಕ ನಿಂತೇ ಹೋಗಿದ್ದ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಗೊತ್ತುಪಡಿಸಿತು. ಗಣತಿಯೆಂದರೆ ಬರಿಯ ಲೆಕ್ಕದ ಪುಸ್ತಕವೆಂದು ಮಲೆನಾಡಿನ ಮಂದಿ ಉದಾಸೀನ ಮಾಡುವಂತಿಲ್ಲ. ಯಾವ ಊರಿಗೆ ಎಷ್ಟು ಹಣ, ಎಷ್ಟು ಸದಸ್ಯರು, ಪಂಚಾಯಿತಿ ಕಚೇರಿ ಎಷ್ಟು ದೂರ ಎಂಬುದೆಲ್ಲವೂ ಬಹುಮಟ್ಟಿಗೆ ತಲೆ ಎಣಿಕೆಯಿಂದಲೇ ತೀರ್ಮಾನವಾಗುತ್ತದೆ. ತಲೆಗಳು ಕಡಿಮೆಯಿದ್ದು ನೆಲ, ನೀರು, ಕಾಡು ಹೆಚ್ಚಿರುವ ಜಿಲ್ಲೆಯೊಂದು ಈ ಲೆಕ್ಕದಲ್ಲಿ ಹೇಗೆ ಸೋಲುತ್ತದೆ ಎಂಬುದಕ್ಕೆ ಉತ್ತರ ಕನ್ನಡಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಬೇರೆಡೆ ಹುಡುಕಬೇಕಾಗಿಲ್ಲ.

ಜಿಲ್ಲೆಯ ವಿಸ್ತೀರ್ಣ ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಗಿಲು. 2001ರಲ್ಲಿ ಇಲ್ಲಿನ ಜನಸಂಖ್ಯೆ 13,53,644 ಇತ್ತು. 2011ರಲ್ಲಿ 14,37,169 ಆಯಿತು. ರಾಜ್ಯದ ಜನಸಂಖ್ಯೆ ಆ ದಶಕದಲ್ಲಿ ಶೇಕಡಾ 15ಕ್ಕೂ ಹೆಚ್ಚು ಬೆಳೆದರೆ ಇಲ್ಲಿನ ಬೆಳವಣಿಗೆ ಶೇಕಡಾ 6ರ ಆಸುಪಾಸಿನಲ್ಲಿ ನಿಂತಿತು. ರಾಜ್ಯದಲ್ಲಿ ಚದರ ಕಿಲೋಮೀಟರಿಗೆ ಸರಾಸರಿ 319 ಮಂದಿಯಿದ್ದರೆ ಇಲ್ಲಿ 140. ಈ 140 ಎಂಬ ಸಂಖ್ಯೆಯೂ ನಿಜ ಸ್ಥಿತಿಯನ್ನು ಮರೆಮಾಚುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳ ಕಿರಿದಾದ ಕರಾವಳಿ ಪಟ್ಟಿಯಲ್ಲಿ ಜನ ಒತ್ತೊತ್ತಾಗಿದ್ದಾರೆ. ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಕಣಿವೆಗೊಂದು ಅಡಿಕೆ ತೋಟ, ತೋಟದ ತಲೆಯಲ್ಲಿ ನಾಲ್ಕಾರು ಮನೆ, ನಡುವೆ ಕಾಡು. ಜೋಯಿಡಾ ತಾಲ್ಲೂಕಿನಲ್ಲಂತೂ ಚದರ ಕಿಲೋಮೀಟರಿಗೆ ಮೂವತ್ತು ಮಂದಿಯೂ ಸಿಗುವುದಿಲ್ಲ. ಕುಣಬಿಗಳ ಕೇರಿ, ಗೌಳಿಗಳ ದಡ್ಡಿ, ಸಿದ್ದಿಗಳ ಹಾಡಿ ಒಂದರಿಂದ ಇನ್ನೊಂದಕ್ಕೆ ಹಳ್ಳ ದಾಟಿ, ಗುಡ್ಡ ಹತ್ತಿ ಹೋಗಬೇಕಾದಷ್ಟು ದೂರ.

ಈ ಚದುರಿದ ಬದುಕು ಹಿಂದುಳಿದಿರುವಿಕೆಯ ಲಕ್ಷಣವೆಂದು ತಿಳಿಯುವುದು ತಪ್ಪು. ಇಳಿಜಾರು ನೆಲ, ಹರಿವ ನೀರು, ಸೊಪ್ಪಿನ ಬೆಟ್ಟ ಇವುಗಳ ಅಳತೆಗೆ ತಕ್ಕಂತೆ ಮನೆಗಳು ಹಬ್ಬಿಕೊಂಡ ಕ್ರಮವದು. ಒಂದೆಕರೆ ಅಡಿಕೆ ತೋಟಕ್ಕೆ ಗರಿಷ್ಠ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಮುಂಬಯಿ ಪ್ರಾಂತದ ಕಾಲದಿಂದ ಬಂದಿದೆ. ತೋಟಕ್ಕೆ ಬೆಟ್ಟ ಬೇಕೆಂದ ಮೇಲೆ ಮನೆಗೂ ಮನೆಗೂ ನಡುವೆ ಅಂತರ ಇದ್ದೇ ಇರುತ್ತದೆ. ಆಡಳಿತದ ಅಳತೆಗೋಲಿಗೆ ಆ ಅಂತರ ಕಾಣುವುದಿಲ್ಲ.

ಕಾನೂನು ಮಾಡಿದವರಿಗೆ ಇದು ಪೂರ್ತಿ ತಿಳಿಯದೆ ಇರಲಿಲ್ಲ. 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಅಬ್ದುಲ್ ನಜೀರ್ ಸಾಬ್ ಮತ್ತು ಇದೇ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನವರಾದ ರಾಮಕೃಷ್ಣ ಹೆಗಡೆಯವರು ಅಧಿಕಾರವನ್ನು ಹಳ್ಳಿಗೆ ಇಳಿಸುವ ದಾರಿಯನ್ನು ದೇಶಕ್ಕೇ ತೋರಿಸಿದರು. ಸಂವಿಧಾನದ 73ನೆಯ ತಿದ್ದುಪಡಿಯ ನಂತರ ಬಂದ 1993ರ ಕಾಯ್ದೆಯು ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಯನ್ನು ನಿಗದಿಗೊಳಿಸಿತು. ಉತ್ತರ ಕನ್ನಡವೂ ಸೇರಿದಂತೆ ಮಲೆನಾಡು, ಕರಾವಳಿಯ ಜಿಲ್ಲೆಗಳಲ್ಲಿ 2,500ಕ್ಕೆ ಕಡಿಮೆಯಿಲ್ಲದಿದ್ದರೆ ಸಾಕೆಂದು ವಿನಾಯಿತಿ ಕೊಟ್ಟಿತು. ವಿನಾಯಿತಿ ಸ್ವಾಗತಾರ್ಹವೇ. ಆದರೆ ಅದು ಕೂಡ ತಲೆ ಎಣಿಕೆಯ ಒಳಗಿನ ರಿಯಾಯಿತಿ ಮಾತ್ರ. ಬಯಲುಸೀಮೆಯಲ್ಲಿ 2,500 ಮಂದಿ ಒಂದೇ ಊರಿನಲ್ಲಿ ಸಿಗುತ್ತಾರೆ. ಘಟ್ಟದಲ್ಲಿ ಅಷ್ಟು ಮಂದಿಯನ್ನು ಕೂಡಿಸಲು ಹತ್ತಾರು ಮಜಿರೆಗಳನ್ನೂ, ಎರಡು ಮೂರು ಹಳ್ಳದ ಕಣಿವೆಗಳನ್ನೂ ಒಂದೇ ಹೊರೆಯಾಗಿ ಕಟ್ಟಬೇಕಾಗುತ್ತದೆ. 400 ಜನರಿಗೆ ಒಬ್ಬ ಸದಸ್ಯನೆಂಬ ಲೆಕ್ಕದಲ್ಲಿ ಆರಿಸಿ ಬಂದವನು ತನ್ನ ಮತದಾರರನ್ನೆಲ್ಲ ಒಮ್ಮೆ ಕಂಡು ಬರಬೇಕಾದರೆ ಮಳೆಗಾಲದಲ್ಲಿ ಹಲವು ದಿನಗಳೇ ಬೇಕು.

ಹಣದ ಹಂಚಿಕೆಯಲ್ಲಿಯೂ ಇದೇ ನ್ಯಾಯ. ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳ ನಡುವೆ ಹಂಚುವಾಗ ಹದಿನೈದನೆಯ ಹಣಕಾಸು ಆಯೋಗವು ಜನಸಂಖ್ಯೆಗೆ ಶೇಕಡಾ 90, ವಿಸ್ತೀರ್ಣಕ್ಕೆ ಶೇಕಡಾ 10ರಷ್ಟು ಮಹತ್ವ ನೀಡಿತು. ಕಾಲುಸಂಕ, ಕುಡಿಯುವ ನೀರಿನ ಕೊಳವೆ, ಬೀದಿದೀಪ, ಮಣ್ಣುರಸ್ತೆ ಇವುಗಳ ಖರ್ಚು ತಲೆಗಿಂತ ದೂರವನ್ನು ಅವಲಂಬಿಸಿದೆ ಎಂಬುದನ್ನು ಬಲ್ಲ ಯಾವ ಪಂಚಾಯಿತಿ ಕಾರ್ಯದರ್ಶಿಯೂ ಈ ಹತ್ತು ಶೇಕಡಾವನ್ನು ನ್ಯಾಯವೆನ್ನಲಾರ. ಮೇಲಿನ ಸದನಗಳಲ್ಲಿಯೂ ಹಾಗೆಯೇ. ಇಷ್ಟು ದೊಡ್ಡ ಜಿಲ್ಲೆಗೆ ಆರು ವಿಧಾನಸಭಾ ಕ್ಷೇತ್ರಗಳು. ಲೋಕಸಭೆಗೆ ಒಂದು ಸ್ಥಾನ ತುಂಬಲು ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳನ್ನೂ ಸೇರಿಸಿಕೊಳ್ಳಬೇಕಾಗಿದೆ. ಯುವಕರು ಬೆಂಗಳೂರಿಗೆ, ಹುಬ್ಬಳ್ಳಿಗೆ, ಗೋವೆಗೆ ಹೋಗುತ್ತಿರುವ ಹೊತ್ತಿನಲ್ಲಿ ಮುಂದಿನ ಗಣತಿಯ ಅಂಕಿಗಳು ಈ ಪ್ರಾತಿನಿಧ್ಯವನ್ನು ಇನ್ನಷ್ಟು ತೆಳುವಾಗಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಇನ್ನೊಂದು ತಕ್ಕಡಿಯಲ್ಲಿ ಈ ಜಿಲ್ಲೆ ಕೊಟ್ಟಿರುವುದನ್ನು ಇಟ್ಟು ನೋಡಬೇಕು. ಕಾಳಿ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾಗಳಲ್ಲಿ ಅಣೆಕಟ್ಟುಗಳು ಎದ್ದವು. ಸೂಪಾ ಪಟ್ಟಣವೇ ನೀರಿನಡಿ ಹೋಗಿ ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಸರಿಯಿತು. ಕದ್ರಾ ಜಲಾಶಯದ ದಂಡೆಯಲ್ಲಿ ಕೈಗಾ ಅಣುಸ್ಥಾವರ ಬಂತು. ಕಾರವಾರದ ಕಡಲತೀರದಲ್ಲಿ ಸೀಬರ್ಡ್ ನೌಕಾನೆಲೆ ಬಂತು. ಶರಾವತಿಯ ಕೆಳದಂಡೆಯಲ್ಲಿ ಗೇರುಸೊಪ್ಪೆಯ ಅಣೆಕಟ್ಟು ಬಂತು. ಅಘನಾಶಿನಿ ಅಣೆಕಟ್ಟಿಲ್ಲದೆ ಸಮುದ್ರ ಸೇರುತ್ತಿದೆ. ನಾಡಿಗೆ ಬೆಳಕು ಕೊಟ್ಟ ಕಣಿವೆಗಳಿಂದ ಎದ್ದು ಹೋದವರ ಸಂಖ್ಯೆ ಆ ಕಣಿವೆಯ ಮುಂದಿನ ಗಣತಿಯಲ್ಲಿ ಕಾಣುವುದಿಲ್ಲ; ಕಡಿಮೆಯಾದ ಜನಸಂಖ್ಯೆಯಾಗಿ ಮಾತ್ರ ಕಾಣುತ್ತದೆ. ಕಡಿಮೆ ಜನಸಂಖ್ಯೆಯೇ ಮುಂದಿನ ಯೋಜನೆಗೆ ಈ ಜಾಗ ಸೂಕ್ತವೆಂಬುದಕ್ಕೆ ಕಾರಣವೂ ಆಗುತ್ತದೆ. ಈ ವಿಷಚಕ್ರವನ್ನು ಗುರುತಿಸದೆ ಹೋದರೆ ಪರಿಸರದ ಮಾತೂ ಪಂಚಾಯಿತಿಯ ಮಾತೂ ಬೇರೆ ಬೇರೆಯೆಂಬ ಭ್ರಮೆ ಉಳಿಯುತ್ತದೆ.

ತೀರ್ಮಾನಗಳು ಎಲ್ಲಿ ಆಗುತ್ತವೆ ಎಂಬುದನ್ನೂ ಗಮನಿಸಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆ ಸಾರ್ವಜನಿಕ ಅಹವಾಲಿಗೆ ಅವಕಾಶ ಕೊಡುತ್ತದೆ, ಗ್ರಾಮ ಪಂಚಾಯಿತಿಯ ಒಪ್ಪಿಗೆಯನ್ನು ಕೇಳುವುದಿಲ್ಲ. ಪಶ್ಚಿಮ ಘಟ್ಟದ ಕುರಿತು 2011ರಲ್ಲಿ ವರದಿ ಸಲ್ಲಿಸಿದ ಮಾಧವ ಗಾಡ್ಗೀಳ್ ಸಮಿತಿ ಗ್ರಾಮಸಭೆಗಳ ಚರ್ಚೆಯ ಮೂಲಕವೇ ಸೂಕ್ಷ್ಮ ಪ್ರದೇಶದ ಗಡಿ, ನಿಯಮಗಳು ಅಂತಿಮವಾಗಬೇಕೆಂದಿತ್ತು. ಅದರ ಬದಲು ಬಂದ ಕರಡು ಅಧಿಸೂಚನೆಗಳಲ್ಲಿ ಆರನೆಯದು 2024ರ ಜುಲೈ 31ರಂದು ಪ್ರಕಟವಾಯಿತು. ಕರ್ನಾಟಕದ 20,668 ಚದರ ಕಿಲೋಮೀಟರನ್ನು ಅದು ಹೆಸರಿಸಿತು. ಹಳ್ಳಿಗಳ ಪಟ್ಟಿ ಮೇಲಿನಿಂದ ಇಳಿದು ಬಂದುದರಿಂದ ಕಾಡಿನ ರಕ್ಷಣೆಯೆಂದರೆ ತಮ್ಮ ಎತ್ತಂಗಡಿ ಎಂಬ ಭಯ ಜನರಲ್ಲಿ ಮೂಡಿತು. ಆ ಭಯವನ್ನು ಬಂಡವಾಳ ಮಾಡಿಕೊಂಡವರಿಗೆ ಕೊರತೆಯಾಗಲಿಲ್ಲ. ಇತ್ತ ಗುಡ್ಡಗಳು ಯಾರ ಅಧಿಸೂಚನೆಗೂ ಕಾಯದೆ ಜರಿದವು: 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ.

ಕಾಡನ್ನು ಆಳಿಕೊಳ್ಳುವ ಶಕ್ತಿ ಹಳ್ಳಿಗಿಲ್ಲವೆಂಬ ಮಾತನ್ನು ಈ ಜಿಲ್ಲೆಯ ಚರಿತ್ರೆಯೇ ಸುಳ್ಳಾಗಿಸಿದೆ. ಕುಮಟಾ ತಾಲ್ಲೂಕಿನ ಹಳಕಾರ, ಚಿತ್ರಗಿ, ಮೂರೂರು-ಕಲ್ಲಬ್ಬೆಗಳಲ್ಲಿ ಬ್ರಿಟಿಷರ ಕಾಲದಿಂದ ಗ್ರಾಮ ಅರಣ್ಯ ಪಂಚಾಯಿತಿಗಳಿದ್ದವು. 1979ರಲ್ಲಿ ಸರ್ಕಾರ ಅವನ್ನು ರದ್ದುಪಡಿಸಿದಾಗ ಹಳಕಾರದವರು ನ್ಯಾಯಾಲಯಕ್ಕೆ ಹೋಗಿ ತಮ್ಮ ಕಾಡನ್ನು ಉಳಿಸಿಕೊಂಡರು. ನಾಲ್ಕು ವರ್ಷಗಳ ಬಳಿಕ, 1983ರ ಸೆಪ್ಟೆಂಬರ್ 8ರಂದು, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತರು. ಒಂದು ಕಾನೂನಿನ ದಾರಿ, ಇನ್ನೊಂದು ಚಳವಳಿಯ ದಾರಿ. ಎರಡರಲ್ಲಿಯೂ ಊರೇ ಮುಂದಾಳು.

ಹಾಗಾದರೆ ಮಾಡಬೇಕಾದುದೇನು? ಕೈಯಲ್ಲಿರುವ ಅಧಿಕಾರವನ್ನು ಮೊದಲು ಬಳಸಬೇಕು. 2015ರ ತಿದ್ದುಪಡಿಯ ನಂತರ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮಸಭೆ, ವಾರ್ಡ್ ಸಭೆಗಳಿಗಿಂತ ಕೆಳಗೆ ಜನವಸತಿ ಸಭೆಗೂ ಸ್ಥಾನವಿದೆ. ಚದುರಿದ ಮಜಿರೆಗಳ ಮಲೆನಾಡಿಗೆ ಇದಕ್ಕಿಂತ ಒಪ್ಪುವ ವ್ಯವಸ್ಥೆ ಬೇರೆ ಇಲ್ಲ. ಕಡತದಲ್ಲಿ ಸಹಿ ಹಾಕಿಸುವ ಶಾಸ್ತ್ರಕ್ಕೆ ಅದನ್ನು ಬಿಡಬಾರದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ ತನ್ನ ಊರಿನ ಗಿಡ, ಮೀನು, ಭತ್ತದ ತಳಿ, ದೇವರಕಾಡುಗಳ ದಾಖಲೆಯನ್ನು ಊರವರ ಬಾಯಿಂದಲೇ ಬರೆದಿಡಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಅರ್ಜಿಯಷ್ಟೇ ಸಾಮುದಾಯಿಕ ಹಕ್ಕಿಗೂ ಜಾಗವಿದೆ ಎಂಬುದನ್ನು ಗ್ರಾಮಸಭೆಗಳು ನೆನಪಿಡಬೇಕು.

ಸರ್ಕಾರದ ಬಾಗಿಲಲ್ಲಿ ಕೇಳಬೇಕಾದುದು ಎರಡು. ಮೊದಲನೆಯದು, ಪಂಚಾಯಿತಿಯ ಗಡಿ ಮತ್ತು ಅನುದಾನಕ್ಕೆ ಜನಸಂಖ್ಯೆಯ ಜೊತೆಗೆ ವಿಸ್ತೀರ್ಣ, ಇಳಿಜಾರು, ಕಾಡಿನ ಪಾಲು ಇವನ್ನೂ ತಕ್ಕ ಪ್ರಮಾಣದಲ್ಲಿ ಸೇರಿಸುವುದು. ಎರಡನೆಯದು, ಕಾಲಕಾಲಕ್ಕೆ ಚುನಾವಣೆ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ಅವನ್ನು ನಡೆಸಿದರು. ಕ್ಷೇತ್ರ ವಿಂಗಡಣೆ, ಮೀಸಲಾತಿಯ ತಕರಾರುಗಳು ಏನೇ ಇರಲಿ, ಐದು ವರ್ಷಕ್ಕೊಮ್ಮೆ ಚುನಾವಣೆಯೆಂದು ಸಂವಿಧಾನ ಹೇಳಿದ ಮಾತಿಗೆ ಬೆಲೆ ಇಲ್ಲವಾಯಿತು. ಗುಡ್ಡ ಕುಸಿದಾಗ, ನದಿ ತಿರುಗಿಸುವ ಪ್ರಸ್ತಾಪ ಬಂದಾಗ ಜಿಲ್ಲೆಯ ಪರವಾಗಿ ಮಾತನಾಡಬೇಕಾದ ಸಭೆಯೇ ಖಾಲಿಯಿತ್ತು.

ಗಣತಿದಾರ ಮನೆಬಾಗಿಲಿಗೆ ಬಂದಾಗ ತಲೆಗಳನ್ನಷ್ಟೇ ಎಣಿಸಿಕೊಂಡು ಹೋಗುತ್ತಾನೆ. ಅದು ಅವನ ಕೆಲಸ. ಊರಿನ ಹಳ್ಳ, ಬೆಟ್ಟ, ಕಾನು, ಗದ್ದೆಗಳ ಲೆಕ್ಕವನ್ನು ಊರವರೇ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಬೇಕು. ಬರೆದಿಟ್ಟ ಲೆಕ್ಕವಿದ್ದರೆ ನಾಳೆ ಯಾವ ಅಧಿಕಾರಿಯೂ ಈ ನೆಲವನ್ನು ಖಾಲಿ ಜಾಗವೆಂದು ನಕ್ಷೆಯಲ್ಲಿ ಗುರುತು ಹಾಕುವ ಮೊದಲು ಎರಡು ಬಾರಿ ಯೋಚಿಸಬೇಕಾಗುತ್ತದೆ.