ಕೇಸಿನ ಸ್ಥಿತಿ ಮೊಬೈಲ್‌ನಲ್ಲಿ, ತೀರ್ಪಿನ ನಕಲು ಮಾತ್ರ ಇನ್ನೂ ದೂರ: ತುರ್ಭೆ ಕನ್ನಡಿಗರಿಗೆ ಕೋರ್ಟ್ ದಾಖಲೆ ಸಿಗುವ ದಾರಿ ಯಾವುದು?

ನವಿ ಮುಂಬೈ: ಕೇಸು ಯಾವ ಹಂತದಲ್ಲಿದೆ, ಮುಂದಿನ ತಾರೀಖು ಯಾವಾಗ ಎಂದು ತಿಳಿಯಲು ಈಗ ಕೋರ್ಟ್ ಮೆಟ್ಟಿಲು ಹತ್ತಬೇಕಿಲ್ಲ. ಇ-ಕೋರ್ಟ್ಸ್ ಆ್ಯಪ್ ತೆರೆದರೆ ಸಾಕು. ಆದರೆ ಅದೇ ಕೇಸಿನ ತೀರ್ಪಿನ ದೃಢೀಕೃತ ನಕಲು ಬೇಕೆಂದರೆ ಮತ್ತೆ ಅರ್ಜಿ, ಶುಲ್ಕ, ನಕಲು ವಿಭಾಗದ ಕಿಟಕಿ. ಊರಲ್ಲೇ ಇರುವವರಿಗೆ ಇದು ಒಂದೆರಡು ದಿನದ ಓಡಾಟ. ಊರು ಬಿಟ್ಟು ಬಂದವರಿಗೆ ಒಂದು ಕಾಗದಕ್ಕಾಗಿ ಹಲವು ದಿನಗಳ ಕೂಲಿ ಕಳೆದುಕೊಳ್ಳುವ ಲೆಕ್ಕ.

ತುರ್ಭೆಯಂಥ ಜಾಗದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದು ಕಡೆ ಎಪಿಎಂಸಿ ಮಾರುಕಟ್ಟೆ, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ. ದುಡಿಮೆ ಹುಡುಕಿಕೊಂಡು ಬಂದವರಲ್ಲಿ ಉತ್ತರ ಕರ್ನಾಟಕದವರೂ ಇದ್ದಾರೆ. ಇಂಥ ಕುಟುಂಬಗಳಿಗೆ ಕೋರ್ಟ್ ವ್ಯವಹಾರ ಎರಡು ರಾಜ್ಯಗಳಲ್ಲಿ ಹಂಚಿಹೋಗುವುದು ಸಹಜ. ಹೊಲದ ಪಾಲಿನ ದಾವೆ ಕಲಬುರಗಿ ಅಥವಾ ವಿಜಯಪುರದಲ್ಲಿ, ಅಪಘಾತ ಪರಿಹಾರ ಇಲ್ಲವೇ ಚೆಕ್ ಬೌನ್ಸ್ ಪ್ರಕರಣ ಥಾಣೆ ಜಿಲ್ಲೆಯಲ್ಲಿ.

ಕೇಂದ್ರ ಸಚಿವ ಸಂಪುಟ 2023ರ ಸೆಪ್ಟೆಂಬರ್‌ನಲ್ಲಿ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 7,210 ಕೋಟಿ ರೂಪಾಯಿ ಮಂಜೂರು ಮಾಡಿತು. ಅದರಲ್ಲಿ 2,038.40 ಕೋಟಿ ರೂಪಾಯಿ ಕಡತಗಳ ಸ್ಕ್ಯಾನಿಂಗ್, ಡಿಜಿಟಲೀಕರಣ ಮತ್ತು ಸಂರಕ್ಷಣೆಗೆ ಮೀಸಲು. ಯೋಜನೆಯ ಅವಧಿ ನಾಲ್ಕು ವರ್ಷ. ಇಷ್ಟು ಹಣ ಸುರಿದ ಮೇಲೆ ತುರ್ಭೆಯ ಕಾರ್ಮಿಕನಿಗೆ ತನ್ನದೇ ಕೇಸಿನ ನಕಲು ತುರ್ಭೆಯಲ್ಲೇ ಸಿಗುತ್ತದೆಯೇ ಎಂಬುದು ಈಗ ಕೇಳಬೇಕಾದ ಪ್ರಶ್ನೆ.

ಮೊದಲ ತೊಡಕು: ಯಾವ ಜಿಲ್ಲೆ?

ಇ-ಕೋರ್ಟ್ಸ್ ತಾಣದಲ್ಲಿ ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಮೊದಲ ಎರಡು ಅಕ್ಷರ ರಾಜ್ಯವನ್ನು ಸೂಚಿಸಿದರೆ, ಕೊನೆಯ ನಾಲ್ಕು ಅಂಕಿ ವರ್ಷವನ್ನು ಹೇಳುತ್ತವೆ. ಈ ಸಂಖ್ಯೆ ಕೈಯಲ್ಲಿದ್ದರೆ ಬೇರೇನೂ ಬೇಡ. ಅದಿಲ್ಲದವರು ಮೊದಲು ರಾಜ್ಯ, ಆಮೇಲೆ ಜಿಲ್ಲೆ, ಆಮೇಲೆ ಕೋರ್ಟ್ ಸಂಕೀರ್ಣವನ್ನು ಆರಿಸಿ ಹುಡುಕಬೇಕು. ಎಡವುವುದು ಇಲ್ಲೇ.

ನವಿ ಮುಂಬೈ ಎಂಬುದು ಜನರ ಬಾಯಲ್ಲಿ ಒಂದೇ ಊರು. ಕೋರ್ಟಿನ ಲೆಕ್ಕದಲ್ಲಿ ಹಾಗಲ್ಲ. ತುರ್ಭೆ, ವಾಶಿ, ಬೇಲಾಪುರ ಥಾಣೆ ಜಿಲ್ಲೆಗೆ ಸೇರುತ್ತವೆ. ಖಾರ್‌ಘರ್, ಕಾಮೋಠೆ, ಕಳಂಬೋಲಿ ಪನವೇಲ್ ತಾಲ್ಲೂಕಿನವು, ಅಂದರೆ ರಾಯಗಡ ಜಿಲ್ಲೆ. ಅದರ ಜಿಲ್ಲಾ ಕೇಂದ್ರ ಅಲಿಬಾಗ್. ತುರ್ಭೆಯಲ್ಲಿ ಮನೆಯಿದ್ದು ಖಾರ್‌ಘರ್‌ನಲ್ಲಿ ಘಟನೆ ನಡೆದಿದ್ದರೆ ಥಾಣೆ ಜಿಲ್ಲೆಯಲ್ಲಿ ಎಷ್ಟು ಹುಡುಕಿದರೂ ಕೇಸು ಸಿಗದಿರಬಹುದು. ಡೊಂಬಿವಲಿಯವರು ಕಲ್ಯಾಣದ ಕೋರ್ಟ್‌ನಲ್ಲಿ ನೋಡಬೇಕು.

ಕ್ರಿಮಿನಲ್ ಪ್ರಕರಣವಾದರೆ ಎಫ್‌ಐಆರ್ ಸಂಖ್ಯೆಯಿಂದಲೂ ಹುಡುಕಬಹುದು. ಅದಕ್ಕೆ ಪೊಲೀಸ್ ಠಾಣೆಯ ಹೆಸರು ಸರಿಯಾಗಿ ಗೊತ್ತಿರಬೇಕು. ತುರ್ಭೆ ಭಾಗದಲ್ಲೇ ತುರ್ಭೆ ಎಂಐಡಿಸಿ ಠಾಣೆ ಒಂದು, ಎಪಿಎಂಸಿ ಠಾಣೆ ಮತ್ತೊಂದು.

ಕರ್ನಾಟಕದ ಕಡೆಯೂ ಗೊಂದಲ ಕಡಿಮೆಯಿಲ್ಲ. ಬಾಗಲಕೋಟೆ 1997ರಲ್ಲಿ ವಿಜಯಪುರದಿಂದ ಬೇರೆಯಾಯಿತು. ಯಾದಗಿರಿ 2010ರಲ್ಲಿ ಕಲಬುರಗಿಯಿಂದ ಬೇರೆಯಾಯಿತು. ಗುಲ್ಬರ್ಗ ಕಲಬುರಗಿಯಾಗಿದ್ದು, ಬಿಜಾಪುರ ವಿಜಯಪುರವಾಗಿದ್ದು 2014ರಲ್ಲಿ. ಅಪ್ಪನ ಕಾಲದ ದಾವೆಯ ಕಾಗದದ ಮೇಲಿರುವ ಜಿಲ್ಲೆಯ ಹೆಸರು ಇಂದಿನ ಪಟ್ಟಿಯಲ್ಲಿ ಇಲ್ಲದಿರಬಹುದು. ಕಡತ ಹಳೆಯ ಜಿಲ್ಲಾ ಕೇಂದ್ರದ ದಾಖಲೆ ಕೊಠಡಿಯಲ್ಲೇ ಉಳಿದಿರಲೂಬಹುದು. ಗಣಕೀಕರಣಕ್ಕೆ ಮೊದಲೇ ಮುಗಿದ ಕೇಸುಗಳಂತೂ ತಾಣದಲ್ಲಿ ಸಿಗುತ್ತವೆ ಎಂಬ ಖಾತ್ರಿಯಿಲ್ಲ.

ಹೆಸರು ಒಂದೇ, ಬರೆಯುವ ರೀತಿ ಹಲವು

ಎರಡನೇ ತೊಡಕು ಹೆಸರಿನದು. ಪಕ್ಷಗಾರರ ಹೆಸರಿನಿಂದ ಹುಡುಕುವ ಸೌಲಭ್ಯವಿದೆ, ಜೊತೆಗೆ ವರ್ಷ ಕೊಡಬೇಕು. ಆದರೆ ಕಂಪ್ಯೂಟರ್ ನೋಡುವುದು ಅಕ್ಷರವನ್ನು, ಉಚ್ಚಾರಣೆಯನ್ನಲ್ಲ. ಮಲ್ಲಪ್ಪ ಎಂಬ ಹೆಸರಿಗೆ ಇಂಗ್ಲಿಷ್‌ನಲ್ಲಿ ಒಬ್ಬ ಗುಮಾಸ್ತ ಒಂದು 'ಎಲ್' ಹಾಕಿದರೆ ಇನ್ನೊಬ್ಬ ಎರಡು ಹಾಕುತ್ತಾನೆ. ಮಹಾರಾಷ್ಟ್ರದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಕರ್ನಾಟಕದಲ್ಲಿ ಅದೇ ವ್ಯಕ್ತಿ ಇನಿಷಿಯಲ್ ಹಾಕಿಕೊಂಡಿರಬಹುದು, ಅಥವಾ 'ತಂದೆ ಇಂಥವರು' ಎಂದು ಬರೆಸಿರಬಹುದು.

ಇದಕ್ಕೆ ಸುಲಭದ ಉಪಾಯ ಪೂರ್ತಿ ಹೆಸರು ಟೈಪ್ ಮಾಡದೆ ಮೊದಲ ಮೂರ್ನಾಲ್ಕು ಅಕ್ಷರ ಮಾತ್ರ ಕೊಡುವುದು. ಬಾಕಿ, ಇತ್ಯರ್ಥ ಎರಡೂ ಬಗೆಯ ಪ್ರಕರಣಗಳನ್ನು ಆರಿಸಿ, ಹಿಂದಿನ-ಮುಂದಿನ ವರ್ಷಗಳಲ್ಲೂ ನೋಡಬೇಕು. ಎದುರುಪಕ್ಷದ ಹೆಸರು ಅಥವಾ ವಕೀಲರ ಹೆಸರಿನಿಂದಲೂ ಹುಡುಕಬಹುದು.

'ಇತ್ಯರ್ಥ' ಎಂದರೆ ಮುಗಿದಂತಲ್ಲ

ಕೇಸು ಸಿಕ್ಕಿತು, ಅದರ ಮುಂದೆ 'ಇತ್ಯರ್ಥ' ಎಂದಿದೆ. ಅಷ್ಟಕ್ಕೇ ಗೆದ್ದೆವು ಅಥವಾ ಸೋತೆವು ಎಂದುಕೊಳ್ಳುವುದು ತಪ್ಪು. ಗೈರುಹಾಜರಿಯಿಂದ ವಜಾ ಆದದ್ದು, ರಾಜಿಯಾದದ್ದು, ಬೇರೆ ಕೋರ್ಟ್‌ಗೆ ವರ್ಗವಾದದ್ದು ಕೂಡ ಅದೇ ಪಟ್ಟಿಯಲ್ಲಿ ಬರಬಹುದು.

ಪಾಲು ವಿಭಾಗದ ದಾವೆಯಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಪ್ರಾಥಮಿಕ ಡಿಕ್ರಿ ಯಾರಿಗೆ ಎಷ್ಟು ಪಾಲು ಎಂದು ಹೇಳುತ್ತದೆ. ಹೊಲವನ್ನು ಅಳೆದು ಬೇರೆ ಮಾಡಿಕೊಡುವುದು ಅಂತಿಮ ಡಿಕ್ರಿ. ಕರ್ನಾಟಕದಲ್ಲಿ ಅಂತಿಮ ಡಿಕ್ರಿಯ ಅರ್ಜಿಗೆ ಪ್ರತ್ಯೇಕ ಸಂಖ್ಯೆ ಬೀಳುತ್ತದೆ. ಮೂಲ ದಾವೆ ಮುಗಿದಿದೆ ಎಂದು ನೋಡಿ ಸುಮ್ಮನಾದವರಿಗೆ ಎರಡನೆಯದು ಬಾಕಿಯಿರುವುದೇ ತಿಳಿಯದೆ ಹೋಗಬಹುದು.

ಮದುವೆಯಾಗಿ ಮುಂಬೈ ಸೇರಿದ ಹೆಣ್ಣುಮಕ್ಕಳಿಗೆ ಇದು ನೇರವಾಗಿ ಸಂಬಂಧಿಸಿದ ಮಾತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಪ್ರಾಥಮಿಕ ಡಿಕ್ರಿ ಆಗಿದ್ದರೂ ಅಂತಿಮ ಡಿಕ್ರಿ ಬಾಕಿಯಿದ್ದರೆ ಮಗಳಿಗೆ ಪಾಲು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಕಡತದಲ್ಲಿ ಇರುವುದು ಯಾವ ಡಿಕ್ರಿ ಎಂಬುದರ ಮೇಲೆ ಒಬ್ಬ ಹೆಣ್ಣುಮಗಳ ಪಾಲು ನಿಂತಿರುತ್ತದೆ. ಅದನ್ನು ತೋರಿಸುವುದು ನಕಲು ಮಾತ್ರ, ಮೊಬೈಲ್ ಪರದೆಯ ಒಂದು ಸಾಲಲ್ಲ.

ನಕಲು ಯಾರು ಕೇಳಬಹುದು?

ಇ-ಕೋರ್ಟ್ಸ್‌ನಿಂದ ಇಳಿಸಿಕೊಂಡ ತೀರ್ಪು ಓದಿ ತಿಳಿದುಕೊಳ್ಳಲು ಸಾಕು. ಮೇಲ್ಮನವಿ ಸಲ್ಲಿಸಲು, ಪಹಣಿಯಲ್ಲಿ ಹೆಸರು ಬದಲಿಸಲು ಬೇಕಾಗುವುದು ದೃಢೀಕೃತ ನಕಲು. ಕೇಸಿನ ಪಕ್ಷಗಾರರು ಅದನ್ನು ಸ್ವತಃ ಕೇಳಬಹುದು, ವಕೀಲರೇ ಬೇಕೆಂದಿಲ್ಲ. ಪ್ರಕರಣದ ಸಂಖ್ಯೆ, ಪಕ್ಷಗಾರರ ಹೆಸರು, ತೀರ್ಪಿನ ದಿನಾಂಕ, ಯಾವ ಯಾವ ದಾಖಲೆ ಬೇಕು ಎಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಪಕ್ಷಗಾರರು ತೀರಿಕೊಂಡಿದ್ದರೆ ವಾರಸುದಾರರು ಮರಣ ಪ್ರಮಾಣಪತ್ರ, ಸಂಬಂಧದ ದಾಖಲೆ ಇಟ್ಟುಕೊಂಡು ಹೋಗುವುದು ಒಳ್ಳೆಯದು.

ಕ್ರಿಮಿನಲ್ ಪ್ರಕರಣದಲ್ಲಿ ಕೆಲವು ಪ್ರತಿಗಳು ಉಚಿತ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ದೂರುದಾರ ಅಥವಾ ಸಂತ್ರಸ್ತರಿಗೆ ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ಆರೋಪಿ ಹಾಜರಾದ 14 ದಿನಗಳೊಳಗೆ ಆರೋಪಪಟ್ಟಿ ಮತ್ತು ಸಂಬಂಧಿತ ದಾಖಲೆಗಳ ಪ್ರತಿ ಕೊಡಬೇಕು. ಜೈಲು ಶಿಕ್ಷೆಯಾದರೆ ತೀರ್ಪಿನ ಪ್ರತಿಯನ್ನು ಕೂಡಲೇ, ಶುಲ್ಕವಿಲ್ಲದೆ ನೀಡಬೇಕು. ಇವಕ್ಕೆ ಯಾರ ಕೈಗೂ ಹಣ ಇಡಬೇಕಿಲ್ಲ.

ಆರ್‌ಟಿಐ ಹಾಕಿದರೆ ಆಗದೇ?

ಆಗದು. ನ್ಯಾಯಾಂಗ ಕಡತದ ನಕಲನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಅಲ್ಲ, ಕೋರ್ಟಿನ ನಿಯಮದಂತೆಯೇ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಗುಜರಾತ್ ಹೈಕೋರ್ಟ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ತೀರ್ಪು ನೀಡಿತು. ಪಕ್ಷಗಾರರಲ್ಲದವರು ಕಾರಣ ತಿಳಿಸಿ ಅಫಿಡವಿಟ್ ಸಲ್ಲಿಸಬೇಕೆಂಬ ಅಲ್ಲಿನ ನಿಯಮವನ್ನೂ ಎತ್ತಿಹಿಡಿಯಿತು. ಆರ್‌ಟಿಐ ಕಾಯ್ದೆಯಲ್ಲಾದರೆ ಅರ್ಜಿದಾರ ಕಾರಣ ಹೇಳಬೇಕಾಗಿಯೇ ಇಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ಅಮೆರಿಕದ ಫೆಡರಲ್ ಕೋರ್ಟ್‌ಗಳ 'ಪೇಸರ್' ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿದ ಯಾರೇ ಆದರೂ ಪುಟಕ್ಕೆ 10 ಸೆಂಟ್ ಕೊಟ್ಟು ಕಡತ ಇಳಿಸಿಕೊಳ್ಳಬಹುದು, ಏಕೆ ಬೇಕು ಎಂದು ಕೇಳುವುದಿಲ್ಲ. ಆ ಮಟ್ಟದ ಮುಕ್ತತೆಗೆ ಅದರದೇ ಅಪಾಯವಿದೆ. ಕೌಟುಂಬಿಕ ಕಲಹ, ಲೈಂಗಿಕ ದೌರ್ಜನ್ಯ, ಮಕ್ಕಳ ಪ್ರಕರಣಗಳಲ್ಲಿ ಗುರುತು ಕಾಪಾಡಲೇಬೇಕು. ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಆದ್ದರಿಂದ ಮೂರನೆಯವರ ವಿಷಯದಲ್ಲಿ ಕೋರ್ಟ್ ಕಾರಣ ಕೇಳುವುದಕ್ಕೆ ಅರ್ಥವಿದೆ. ತನ್ನದೇ ಕೇಸಿನ ಪ್ರತಿ ಕೇಳುವ ಪಕ್ಷಗಾರ ನೂರಾರು ಕಿಲೋಮೀಟರ್ ಪ್ರಯಾಣ ಮಾಡಬೇಕಾಗಿರುವುದಕ್ಕೆ ಮಾತ್ರ ಈ ಸಮರ್ಥನೆ ಸಲ್ಲುವುದಿಲ್ಲ.

ಗಡುವು ಮತ್ತು ಭಾಷೆ

ತಡವಾದರೆ ನಷ್ಟವೇನು? ಸಿವಿಲ್ ಮೇಲ್ಮನವಿಗೆ ಜಿಲ್ಲಾ ಕೋರ್ಟ್‌ನಲ್ಲಿ 30 ದಿನ, ಹೈಕೋರ್ಟ್‌ನಲ್ಲಿ 90 ದಿನ ಗಡುವಿದೆ. ನಕಲು ಸಿದ್ಧವಾಗಲು ಬೇಕಾದ ಅವಧಿಯನ್ನು ಇದರಿಂದ ಕಳೆಯಲು ಕಾಲಮಿತಿ ಕಾಯ್ದೆಯ 12ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಅರ್ಜಿ ಹಾಕುವ ಮೊದಲೇ ಕಳೆದುಹೋದ ದಿನಗಳಿಗೆ ಈ ರಿಯಾಯಿತಿ ಇಲ್ಲ. ಊರಿಗೆ ಹೋಗಲು ರಜೆ ಸಿಗಲಿಲ್ಲ ಎಂದು ಅರ್ಜಿ ಮುಂದೂಡಿದವರು ಕಳೆದುಕೊಳ್ಳುವುದು ಇಂಥ ದಿನಗಳನ್ನೇ.

ಭಾಷೆಯೂ ಒಂದು ಗೋಡೆ. ಮಹಾರಾಷ್ಟ್ರದ ಅಧೀನ ನ್ಯಾಯಾಲಯಗಳ ಭಾಷೆ ಮರಾಠಿ. ಅಲ್ಲಿ ತೀರ್ಪು 'ನಿಕಾಲ', ಡಿಕ್ರಿ 'ಹುಕುಮನಾಮಾ'. 'ನಕ್ಕಲ್' ಮಾತ್ರ ನಮ್ಮ ನಕಲೇ. ಕೈಗೆ ಬಂದ ಕಾಗದ ಓದಲಾಗದಿದ್ದರೆ ಅದು ಸಿಕ್ಕರೂ ಸಿಗದಂತೆ.

ವಕೀಲರ ಶುಲ್ಕ ಭರಿಸಲಾಗದವರು ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಕೈಗಾರಿಕಾ ಕಾರ್ಮಿಕರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ 15100.

ಆಗಬೇಕಾದ್ದೇನು?

ದೂರದಿಂದಲೇ ಅಧಿಕೃತ ಪ್ರತಿ ಕಳಿಸುವುದು ಅಸಾಧ್ಯವೇನಲ್ಲ. ಜಾಮೀನು ಸಿಕ್ಕರೂ ಆದೇಶದ ಪ್ರತಿ ತಲುಪದೆ ಕೈದಿಗಳ ಬಿಡುಗಡೆ ತಡವಾಗುತ್ತಿದ್ದುದನ್ನು ಕಂಡು ಸುಪ್ರೀಂ ಕೋರ್ಟ್ 'ಫಾಸ್ಟರ್' ಎಂಬ ವ್ಯವಸ್ಥೆ ರೂಪಿಸಿತು. 2022ರ ಮಾರ್ಚ್ 31ರಂದು ಅದಕ್ಕೆ ಚಾಲನೆ ಸಿಕ್ಕಿತು. ಡಿಜಿಟಲ್ ಸಹಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದಲ್ಲೇ ಮಾನ್ಯತೆ ಕೊಟ್ಟಿದೆ. ಸುಪ್ರೀಂ ಕೋರ್ಟಿನ ಜಾಮೀನು ಆದೇಶ ಜೈಲಿಗೆ ಹೀಗೆ ತಲುಪಬಹುದಾದರೆ, ಕಲಬುರಗಿಯ ಡಿಕ್ರಿ ಬೇಲಾಪುರಕ್ಕೆ ತಲುಪಲು ತಾಂತ್ರಿಕ ಅಡ್ಡಿ ಹೇಳುವುದು ಕಷ್ಟ.

ಕೋರ್ಟ್ ಆವರಣಗಳಲ್ಲಿ ಇ-ಸೇವಾ ಕೇಂದ್ರಗಳನ್ನು ತೆರೆಯುವುದು ಇ-ಕೋರ್ಟ್ಸ್ ಯೋಜನೆಯ ಭಾಗವೇ ಆಗಿದೆ. ಅಲ್ಲೇ ಬೇರೆ ರಾಜ್ಯದ ಜಿಲ್ಲಾ ಕೋರ್ಟಿನ ನಕಲಿಗೂ ಅರ್ಜಿ, ಶುಲ್ಕ ಸ್ವೀಕರಿಸುವಂತಾಗಬೇಕು. ಹುಡುಕಾಟದಲ್ಲಿ ಹತ್ತಿರದ ಉಚ್ಚಾರಣೆಯ ಹೆಸರುಗಳೂ, ಹಳೆಯ ಜಿಲ್ಲೆಗಳ ಹೆಸರುಗಳೂ ಸಿಗುವಂತಾಗಬೇಕು. ಇದು ಎರಡು ಹೈಕೋರ್ಟ್‌ಗಳು ಕೂತು ಮಾಡಬಹುದಾದ ಕೆಲಸ, ಹೊಸ ಕಾಯ್ದೆ ಬೇಕಿಲ್ಲ.

ಅಲ್ಲಿಯವರೆಗೆ ಪಕ್ಷಗಾರರ ಕೈಯಲ್ಲಿರುವ ಜಾಣತನ ಒಂದೇ. ಕೇಸು ದಾಖಲಾದ ದಿನವೇ ಸಿಎನ್‌ಆರ್ ಸಂಖ್ಯೆ ಬರೆದಿಟ್ಟುಕೊಳ್ಳುವುದು, ತೀರ್ಪಾದ ಕೂಡಲೇ ನಕಲಿಗೆ ಅರ್ಜಿ ಹಾಕುವುದು. 1917ರ ದಾಖಲೆ ನಾಶ ಕಾಯ್ದೆಯಡಿ ಹೈಕೋರ್ಟ್‌ಗಳು ರೂಪಿಸಿದ ನಿಯಮದಂತೆ ಕೋರ್ಟಿನ ಹಲವು ಕಾಗದಗಳನ್ನು ನಿಗದಿತ ಅವಧಿಯ ನಂತರ ವಿಲೇವಾರಿ ಮಾಡಲಾಗುತ್ತದೆ. ದೇಶದ ಜಿಲ್ಲಾ ಮತ್ತು ಅಧೀನ ಕೋರ್ಟ್‌ಗಳಲ್ಲಿ ಬಾಕಿ ಇರುವುದೇ 4 ಕೋಟಿಗೂ ಹೆಚ್ಚು ಪ್ರಕರಣ. ಆ ರಾಶಿಯ ನಡುವೆ ಒಂದು ಕಡತವನ್ನು ಕೇಳಿ ಪಡೆಯುವವರು ಇಲ್ಲದಿದ್ದರೆ, ಅದರಲ್ಲಿರುವ ಹಕ್ಕೂ ಅಲ್ಲೇ ಉಳಿದುಬಿಡುತ್ತದೆ.