ಹೊಸ ಕಂಪ್ಯೂಟರಿಗೆ ಹಳೆಯ ಬ್ಯಾಕಪ್ ಕಟ್ಟಬೇಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಡೆಯಲು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ತೀರಾ ಹಳೆಯದಲ್ಲದ ಪ್ರೊಸೆಸರ್ ಬೇಕು. ಹೀಗಾಗಿ ನೆಲಮಂಗಲದ ಗೋದಾಮಿನ ಲೆಕ್ಕದ ಮೇಜಾಗಲಿ, ಹೊಸಕೋಟೆಯ ತೆರಿಗೆ ಸಲಹೆಗಾರರ ಕಚೇರಿಯಾಗಲಿ, ದೇವನಹಳ್ಳಿಯ ಡಿಟಿಪಿ ಅಂಗಡಿಯಾಗಲಿ, ಹಳೆಯ ಯಂತ್ರ ಇಟ್ಟುಕೊಂಡವರು ಇಂದಲ್ಲ ನಾಳೆ ಅದನ್ನು ಬದಲಿಸಲೇಬೇಕು. ಯಂತ್ರ ಬದಲಾದರೂ ಬ್ಯಾಕಪ್ ಸಾಫ್ಟ್‌ವೇರ್ ಬದಲಾಗದೇ ಉಳಿಯುವುದು ಸುಲಭ. ಹತ್ತು ವರ್ಷದ ಹಿಂದಿನದನ್ನೇ ಪೆನ್‌ಡ್ರೈವಿನಲ್ಲಿ ತಂದು ಹೊಸದಕ್ಕೆ ಹಾಕಿದರೆ ಅದು ತೆರೆದುಕೊಳ್ಳುತ್ತದೆ, ಓಡುತ್ತದೆ, ಸಂಜೆಗೆ ‘ಪೂರ್ಣಗೊಂಡಿದೆ’ ಎಂದೂ ಹೇಳುತ್ತದೆ. ಓಡದೆ ನಿಂತುಬಿಡುವ ಸಾಫ್ಟ್‌ವೇರಿಗಿಂತ ಹೀಗೆ ಓಡುವ ಸಾಫ್ಟ್‌ವೇರೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ವಾದ.

ಹೇಗೆ ಎಂದರೆ, ಬ್ಯಾಕಪ್ ಸಾಫ್ಟ್‌ವೇರಿಗೆ ಗೊತ್ತಿರುವುದು ತಾನು ಹುಟ್ಟಿದ ಕಾಲದ ವಿಳಾಸಗಳು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಬಳಕೆದಾರರ ಕಡತಗಳೆಲ್ಲ ‘ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್’ ಎಂಬ ಫೋಲ್ಡರಿನಲ್ಲಿದ್ದವು. 2007ರಲ್ಲಿ ವಿಸ್ಟಾ ಬಂದ ಮೇಲೆ ಅವು ‘ಯೂಸರ್ಸ್’ ಫೋಲ್ಡರಿಗೆ ಹೋದವು. ಈಗಿನ ವಿಂಡೋಸ್ 11ರಲ್ಲಿ ಒನ್‌ಡ್ರೈವ್ ಬ್ಯಾಕಪ್ ಚಾಲೂ ಆದರೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಮತ್ತೆ ಜಾಗ ಬದಲಿಸಿ ಒನ್‌ಡ್ರೈವ್ ಫೋಲ್ಡರಿನ ಒಳಗೆ ಸೇರುತ್ತವೆ. ಹಳೆಯ ಸಾಫ್ಟ್‌ವೇರ್ ಮಾತ್ರ ಮೊದಲಿನ ಮನೆಯ ಬಾಗಿಲನ್ನೇ ತಟ್ಟಿ, ಅಲ್ಲಿ ಉಳಿದ ಖಾಲಿ ಫೋಲ್ಡರನ್ನು ಶ್ರದ್ಧೆಯಿಂದ ನಕಲು ಮಾಡಿಕೊಂಡು ಬರುತ್ತದೆ. ತೆರೆದಿಟ್ಟ ಕಡತಗಳ ಕಥೆಯೂ ಇದೇ. ಲೆಕ್ಕದ ತಂತ್ರಾಂಶ ಬಳಕೆಯಲ್ಲಿರುವಾಗಲೇ ಅದರ ದತ್ತಾಂಶವನ್ನು ಒಂದೇ ಕ್ಷಣದ ಸ್ಥಿತಿಯಲ್ಲಿ ಹಿಡಿಯಲು ವಿಂಡೋಸಿನಲ್ಲಿ ‘ಶ್ಯಾಡೋ ಕಾಪಿ’ ವ್ಯವಸ್ಥೆಯಿದೆ. ಅದರ ಅರಿವಿಲ್ಲದ ಸಾಫ್ಟ್‌ವೇರ್ ಬೀಗಬಿದ್ದ ಕಡತವನ್ನು ಬಿಟ್ಟು ಮುಂದೆ ಹೋಗುತ್ತದೆ. ಬಿಟ್ಟ ಸಂಗತಿ ಎಲ್ಲೋ ಒಂದು ಲಾಗ್ ಕಡತದಲ್ಲಿ ದಾಖಲಾದರೂ ಅದನ್ನು ತೆರೆದು ಓದುವವರಿಲ್ಲ.

ಇದು ಸಣ್ಣ ಅಂಗಡಿಗಳ ಅಜಾಗರೂಕತೆ ಮಾತ್ರ ಎಂದುಕೊಳ್ಳಬೇಡಿ. ಜಗತ್ತಿನ ಸಾವಿರಾರು ಪ್ರೋಗ್ರಾಮರುಗಳು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರಂದು ಉದ್ಯೋಗಿಯೊಬ್ಬರು ತಪ್ಪಾಗಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್ ಹುಡುಕಿದರೆ ಅದಿರಬೇಕಾದ ಜಾಗ ಖಾಲಿ. ಡೇಟಾಬೇಸ್ 9.6ನೇ ಆವೃತ್ತಿಗೆ ಏರಿತ್ತು. ಬ್ಯಾಕಪ್ ಮಾಡುವ ಉಪಕರಣ ಮಾತ್ರ 9.2ನೇ ಆವೃತ್ತಿಯದು ಓಡುತ್ತಿತ್ತು. ಅದು ಪ್ರತಿಸಲವೂ ಸೋಲುತ್ತಿತ್ತು, ಸೋತಿದೆ ಎಂಬ ಇಮೇಲುಗಳು ತಲುಪಬೇಕಾದವರಿಗೆ ತಲುಪದೆ ತಿರಸ್ಕೃತವಾಗುತ್ತಿದ್ದವು. ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ಒಬ್ಬರು ಕೈಯಾರೆ ತೆಗೆದಿಟ್ಟ ನಕಲಿನಿಂದ ಕಂಪನಿ ಬದುಕಿತು. ಆ ಆರು ಗಂಟೆಯ ದತ್ತಾಂಶ ಮರಳಲಿಲ್ಲ. ನುರಿತ ಎಂಜಿನಿಯರುಗಳಿರುವ ಕಡೆಯೇ ಆವೃತ್ತಿಗಳ ಹೊಂದಾಣಿಕೆ ಹೀಗೆ ಕಣ್ತಪ್ಪಿದರೆ, ಒಬ್ಬರೇ ಕಾರ್ಯದರ್ಶಿ ಎಲ್ಲವನ್ನೂ ನೋಡಿಕೊಳ್ಳುವ ಹಳ್ಳಿಯ ಹಾಲು ಉತ್ಪಾದಕರ ಸಂಘದ ಪಾಡೇನು?

ನೆಲಮಂಗಲ, ಹೊಸಕೋಟೆ, ದೇವನಹಳ್ಳಿಗಳಿರುವ ನಮ್ಮ ಜಿಲ್ಲೆಯ ಮಟ್ಟಿಗೆ ಹೀಗೆ ಕಳೆದುಹೋಗಬಹುದಾದದ್ದು ಕಡಿಮೆಯೇನಲ್ಲ. ದೊಡ್ಡಬಳ್ಳಾಪುರದಂಥ ಮಗ್ಗದ ಊರಿನಲ್ಲಿ ಸೀರೆಯ ಅಂಚು, ಸೆರಗಿನ ವಿನ್ಯಾಸ ಒಂದು ಕಾಲಕ್ಕೆ ತೂತು ಹೊಡೆದ ಜಕಾರ್ಡ್ ಕಾರ್ಡುಗಳಲ್ಲಿ ಉಳಿಯುತ್ತಿತ್ತು. ಆ ಕಾರ್ಡು ಹರಿದರೂ ಕೈಗೆ ಸಿಗುತ್ತಿತ್ತು. ಎಲೆಕ್ಟ್ರಾನಿಕ್ ಜಕಾರ್ಡ್ ಬಂದ ಕಡೆಯೆಲ್ಲ ಆ ವಿನ್ಯಾಸ ಈಗ ಒಂದು ಕಡತ, ಅಷ್ಟೇ. ಡೇರಿಯಲ್ಲಿ ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು ಎಂಬುದು ರೈತ ಕುಟುಂಬದ ಬಟವಾಡೆಯ ಆಧಾರ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಕಾಯ್ದಿಡಬೇಕು, ಎಂದರೆ ಆರು ವರ್ಷ. ಅಷ್ಟರಲ್ಲಿ ಒಮ್ಮೆಯಾದರೂ ಕಂಪ್ಯೂಟರ್ ಬದಲಾಗುವ ಸಾಧ್ಯತೆ ದೊಡ್ಡದು. ಹಳೆಯ ಬ್ಯಾಕಪ್ ಇದ್ದರೂ ಸಾಲದು: ಎಕ್ಸ್‌ಪಿಯ ಎನ್‌ಟಿ ಬ್ಯಾಕಪ್ ಉಪಕರಣದಲ್ಲಿ ಮಾಡಿಟ್ಟ ಬಿಕೆಎಫ್ ಕಡತವನ್ನು ಇಂದಿನ ವಿಂಡೋಸ್ ತಾನಾಗಿ ಬಿಚ್ಚಲಾರದು. ಬಿಚ್ಚಿದರೂ ಕನ್ನಡದವರಿಗೆ ಇನ್ನೊಂದು ತೊಡಕು: ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ, ಯುನಿಕೋಡ್ ಅಲ್ಲದ ಪತ್ರಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗೀಚಿನಂತೆ ಕಾಣುತ್ತವೆ. ಬ್ಯಾಕಪ್‌ನ ಜೊತೆಗೆ ಫಾಂಟನ್ನೂ ಎತ್ತಿಡಬೇಕೆಂಬ ಎಚ್ಚರ ಅಗತ್ಯ.

ಹೊಸ ಸಾಫ್ಟ್‌ವೇರಿಗೆ ದುಡ್ಡೆಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇಲ್ಲಿ ಬೇಕಿರುವುದು ಹಣಕ್ಕಿಂತ ಹೆಚ್ಚಾಗಿ ಒಂದು ದಿನದ ಕೆಲಸ. ವಿಂಡೋಸಿನಲ್ಲೇ ಇರುವ ಫೈಲ್ ಹಿಸ್ಟರಿ ಮತ್ತು ಒಂದು ಹೊರಗಿನ ಹಾರ್ಡ್‌ಡಿಸ್ಕ್ ಸಣ್ಣ ಕಚೇರಿಯ ದಿನನಿತ್ಯದ ಕಡತಗಳಿಗೆ ಸಾಕು, ಯಾವ ಫೋಲ್ಡರುಗಳು ಅದರಲ್ಲಿ ಸೇರಿವೆ ಎಂದು ನೋಡಿಕೊಂಡರೆ. ಹಳೆಯ ಯಂತ್ರವನ್ನು ಹಾಗೇ ಉಳಿಸಿಕೊಳ್ಳುತ್ತೇವೆ ಎನ್ನುವವರ ಮಾತನ್ನು ಅರ್ಧ ಒಪ್ಪುತ್ತೇನೆ: ಇಂಟರ್‌ನೆಟ್ ಕಿತ್ತು, ಹಳೆಯ ಬ್ಯಾಕಪ್ ಬಿಚ್ಚಲಷ್ಟೇ ಬಳಸುವುದಾದರೆ ಅದು ಒಳ್ಳೆಯ ಉಪಾಯ. ನೆಟ್‌ವರ್ಕಿನಲ್ಲಿರುವ ಹಳೆಯ ಸಂಗ್ರಹ ಪೆಟ್ಟಿಗೆಗೆ ಬ್ಯಾಕಪ್ ಹೋಗಲೆಂದು ಹೊಸ ವಿಂಡೋಸಿನಲ್ಲಿ ಎಸ್‌ಎಂಬಿ 1 ಎಂಬ ಹಳೆಯ ಕಡತ ಹಂಚಿಕೆ ವ್ಯವಸ್ಥೆಯನ್ನು ಚಾಲೂ ಮಾಡುವುದನ್ನು ಮಾತ್ರ ಒಪ್ಪಲಾರೆ. 2017ರ ಮೇ ತಿಂಗಳಲ್ಲಿ ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ವನ್ನಾಕ್ರೈ ಕುತಂತ್ರಾಂಶ ಹರಡಿದ್ದು ಅದೇ ಬಾಗಿಲಿನಿಂದ. ದತ್ತಾಂಶವೆಲ್ಲ ಕ್ಲೌಡ್‌ನಲ್ಲಿದೆ ಎಂಬ ಸಮಾಧಾನವೂ ಪೂರ್ತಿಯಲ್ಲ; ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಮರಳಿ ಪಡೆಯುವ ಅವಧಿಗೂ ಮಿತಿಯಿದೆ.

ಹಳೆಯ ಯಂತ್ರ ಉಸಿರಾಡುತ್ತಿರುವಾಗಲೇ ಹಳೆಯ ಬ್ಯಾಕಪ್‌ಗಳನ್ನೆಲ್ಲ ಅದರಲ್ಲೇ ಬಿಚ್ಚಿ, ಸಾಮಾನ್ಯ ಕಡತಗಳಾಗಿ ಹೊಸ ಡಿಸ್ಕಿಗೆ ಇಳಿಸಬೇಕು. ಆಮೇಲೆ ಅವು ಹೊಸ ಕಂಪ್ಯೂಟರಿನಲ್ಲಿ ತೆರೆಯುತ್ತವೆಯೇ ಎಂದು ನೋಡಬೇಕು. ಸಹಕಾರ ಸಂಘಗಳ ವಿಷಯದಲ್ಲಿ ಇದನ್ನು ಕಾರ್ಯದರ್ಶಿಯ ಒಳ್ಳೆಯತನಕ್ಕೆ ಬಿಡಬಾರದು. ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿದೆ. ಅಷ್ಟು ಹಣ ಹಾಕುವವರು ಹಳೆಯ ದತ್ತಾಂಶ ದಾಟಿ ಬಂದಿದೆಯೇ ಎಂದೂ ಕೇಳಬೇಕು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 63ನೇ ಕಲಮಿನಂತೆ ಸಂಘಗಳ ಲೆಕ್ಕಪರಿಶೋಧನೆ ಹೇಗೂ ನಡೆಯಬೇಕು. ಪುಸ್ತಕ ನೋಡಲು ಬಂದ ಪರಿಶೋಧಕರು ಹಿಂದಿನ ವರ್ಷದ ಯಾವುದಾದರೂ ಒಂದು ತಿಂಗಳು ಹೆಸರಿಸಿ, ಆ ತಿಂಗಳ ಖಾತೆಯನ್ನು ಬ್ಯಾಕಪ್‌ನಿಂದ ತೆಗೆದು ತೋರಿಸಿ ಎಂದು ಕೇಳಲಿ, ತೋರಿಸಲಾಗದಿದ್ದರೆ ಅದನ್ನು ವರದಿಯಲ್ಲಿ ಬರೆಯಲಿ.